ಬೈಲಹೊಂಗಲದ ಇತಿಹಾಸವನ್ನ ಅಗಸಿಯ ಹೊರಗಿಂದ ಓದೋಣ



ನಮ್ಮ ಕಡೆ ಊರಿನ ಇತಿಹಾಸ ಅಂದ್ರೆ ಕೋಟೆ, ವಾಡೆ, ಗುಡಿ, ಮಠ. ಕೇರಿ ಯಾವಾಗ ಹುಟ್ಟಿತು ಅಂತ ಯಾರೂ ಕೇಳೋದಿಲ್ಲ. ಕೇಳಿದ್ರೂ "ನೀವು ಆಮೇಲೆ ಬಂದವರು" ಅನ್ನೋ ಉತ್ತರ ಸಿದ್ಧ ಇರ್ತದ. ಅದು ಸುಳ್ಳು ಯಾಕಂತ ಹೇಳೋಕೆ ಇದನ್ನ ಬರೀತಿದ್ದೀನಿ. ಸ್ವಲ್ಪ ಉದ್ದ ಐತಿ, ಪೂರ್ತಿ ಓದ್ರಿ.

ಮೊದಲು ನೆಲ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು, ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ರಾಮದುರ್ಗ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನ ಸೇರ್ತಾಳೆ. ಕಿತ್ತೂರಿನ ಕಡೆ ಮಳೆ ಚಲೋ, ಭತ್ತ ಬೆಳೀತಾರೆ. ಪೂರ್ವಕ್ಕೆ ಹೋದಂಗ ಮಳೆ ಕಡಿಮೆ, ಎರೆ ಹೊಲ, ಜೋಳ, ಹತ್ತಿ. ಈ ಎರಡರ ನಡುವಿನ ಬಯಲಿನಲ್ಲಿ ಕುಂತದ್ದು ಬೈಲಹೊಂಗಲ. ಹತ್ತಿ, ಕಾಳಿನ ಪೇಟೆ ಇಲ್ಲಿ ಬೆಳೆದದ್ದು ಅದಕ್ಕೇ. ಇವತ್ತಿಗೂ ಈ ನಾಲ್ಕು ಪಟ್ಟಣಗಳಲ್ಲಿ ಒಂದಕ್ಕೂ ರೈಲು ಇಲ್ಲ. ಚಕ್ಕಡಿ, ಆಮೇಲೆ ಲಾರಿ, ಇವೆರಡರ ಮೇಲೇ ಬೆಳೆದ ಊರುಗಳಿವು.

2001ರಲ್ಲಿ ಬೈಲಹೊಂಗಲ ಪಟ್ಟಣದ ಜನಸಂಖ್ಯೆ ಸುಮಾರು 43 ಸಾವಿರ ಇತ್ತು, 2011ರಲ್ಲಿ ಸುಮಾರು 49 ಸಾವಿರ ಆಯ್ತು. ಆಗ ಬೆಳಗಾವಿ ಜಿಲ್ಲೆಯದು 47,79,661. ಅದರಲ್ಲಿ ನೂರಕ್ಕೆ ಸುಮಾರು 12 ಮಂದಿ ಪರಿಶಿಷ್ಟ ಜಾತಿಯವರು. ಅಂದ್ರೆ ಎಂಟು ಮಂದಿಗೆ ಒಬ್ಬರು ನಾವು. ಊರಿನ ಇತಿಹಾಸದ ಪುಸ್ತಕದೊಳಗೆ ಎಂಟು ಪುಟಕ್ಕೆ ಒಂದು ಪುಟ ನಮ್ಮದೈತೇನು, ನೀವೇ ತೆಗೆದು ನೋಡ್ರಿ.

ಇನ್ನು ಹುಟ್ಟಿನ ಮಾತು. ಸವದತ್ತಿ ಹಿಂದೆ ಸುಗಂಧವರ್ತಿ, ರಟ್ಟರ ರಾಜಧಾನಿ. ರಾಮದುರ್ಗ 1948ರವರೆಗೆ ಸಂಸ್ಥಾನ. ಕಿತ್ತೂರಿನಲ್ಲಿ 1824ರ ಅಕ್ಟೋಬರ್ 23ರಂದು ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಸೆರೆಯಾದ ಚೆನ್ನಮ್ಮ 1829ರಲ್ಲಿ ತೀರಿಕೊಂಡದ್ದು ಬೈಲಹೊಂಗಲದಲ್ಲಿ, ಸಮಾಧಿ ಇರೋದೂ ಇಲ್ಲೇ. ಸಂಗೊಳ್ಳಿ ರಾಯಣ್ಣ ಶೇತಸನದಿ, ಅಂದ್ರೆ ಭೂಮಿ ಪಡೆದು ಊರ ಕಾವಲಿನ ಚಾಕರಿ ಮಾಡುವವನು. ಕಂಪನಿ ಸರ್ಕಾರ ಇಂಥವರ ಇನಾಂ ಭೂಮಿಗೆ ಕೈ ಹಾಕಿದ್ದೇ ಆ ಬಂಡಾಯಕ್ಕೆ ದೊಡ್ಡ ಕಾರಣ. 1831ರಲ್ಲಿ ಅವನನ್ನ ನಂದಗಡದಲ್ಲಿ ಗಲ್ಲಿಗೇರಿಸಿದರು. ರಾಯಣ್ಣನ ಹೋರಾಟ ಭೂಮಿಯ ಹೋರಾಟವೂ ಹೌದು ಅನ್ನೋದನ್ನ ಮೆರವಣಿಗೆಯಲ್ಲಿ ಯಾರೂ ಹೇಳೋದಿಲ್ಲ.

ಊರ ಚಾಕರಿಗೆ ಭೂಮಿ ಅನ್ನೋ ಇದೇ ಪದ್ಧತಿ ನಮ್ಮ ಹಿರಿಯರಿಗೂ ಇತ್ತು. ಓಲೇಕಾರ, ಕುಳವಾಡಿ ಅಂತ ಹೆಸರು. ಕಂದಾಯದ ರೊಕ್ಕ ಹೊತ್ತು ಮುಟ್ಟಿಸೋದು, ಸಾವಿನ ಸುದ್ದಿ ಒಯ್ಯೋದು, ಸತ್ತ ದನ ಎಳೆಯೋದು, ಚಾವಡಿ ಕಸ ಹೊಡೆಯೋದು. ಇದೆಲ್ಲದರ ಜೊತೆ ಇನ್ನೊಂದು ಕೆಲಸ ಇತ್ತು, ಅದನ್ನ ನೆನಪಿಡ್ರಿ: ಊರಿನ ಗಡಿ ತೋರಿಸೋದು. ಎರಡು ಊರಿನ ನಡುವೆ ಸೀಮೆ ತಂಟೆ ಬಂದರೆ ಗಡಿಕಲ್ಲು ಎಲ್ಲೈತಿ ಅಂತ ಹೇಳುವವನು ಕೇರಿಯ ಕುಳವಾಡಿ. ಊರೊಳಗೆ ಕಾಲಿಡೋಕೆ ಬಿಡದವರು ಊರು ಎಲ್ಲಿ ಮುಗೀತದ ಅಂತ ಅವನನ್ನೇ ಕೇಳಬೇಕಿತ್ತು. ಆಮೇಲೆ ಬಂದವನಿಗೆ ಆ ಗಡಿ ಹೆಂಗ ಗೊತ್ತಿರ್ತದ? ಕೇರಿ ಇಲ್ಲದ ಊರು ನಡೆಯೋದು ಸಾಧ್ಯವೇ ಇರಲಿಲ್ಲ. ಊರು ಹುಟ್ಟಿದಾಗಲೇ ಕೇರಿನೂ ಹುಟ್ಟೈತಿ.

ಈ ಚಾಕರಿಗೆ ಕೊಟ್ಟ ವತನ ಭೂಮಿ ಕೊರಳಿಗೆ ಕಟ್ಟಿದ ಹಗ್ಗ ಅಂತ ಬಾಬಾಸಾಹೇಬರಿಗೆ ಗೊತ್ತಿತ್ತು. ಆಗ ನಾವು ಮುಂಬೈ ಪ್ರಾಂತ್ಯದವರು, 1874ರ ವತನ ಕಾಯ್ದೆ ನಮಗೂ ಇತ್ತು. ಅದಕ್ಕೆ ತಿದ್ದುಪಡಿ ಬೇಕಂತ ಅವರು 1928ರಲ್ಲೇ ಮುಂಬೈ ವಿಧಾನ ಪರಿಷತ್ತಿನಲ್ಲಿ ಮಸೂದೆ ತಂದರು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದ್ವಿ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಚಾಕರಿಯನ್ನ ತೆಗೆದು, ಭೂಮಿಯನ್ನ ಹಿಡುವಳಿದಾರರಿಗೇ ಮರುಮಂಜೂರು ಮಾಡುವ ದಾರಿ ಮಾಡಿತು. 1978ರ ಪಿಟಿಸಿಎಲ್ ಕಾಯ್ದೆ, ನಮ್ಮವರಿಗೆ ಮಂಜೂರಾದ ಜಮೀನನ್ನ ಅನುಮತಿ ಇಲ್ಲದೆ ಪರಭಾರೆ ಮಾಡಿದ್ದರೆ ವಾಪಸ್ ಕೊಡಿಸಬೇಕು ಅಂದಿತು. ತಡವಾಗಿ ಬಂದಿರಿ ಅಂತ ಅರ್ಜಿ ತಳ್ಳಬಾರದು ಅಂತ 2023ರಲ್ಲಿ ತಿದ್ದುಪಡಿನೂ ಆಯ್ತು.

ಈಗ ಅಸಲು ಮಾತಿಗೆ ಬರ್ತೀನಿ. ಪಟ್ಟಣ ಬೆಳೀತಾ ಐತಿ. ಊರ ಹೊರಗಿದ್ದ ಕೇರಿ ಈಗ ನಡುವೆ ಬಂದೈತಿ. ಸುತ್ತ ಎನ್‌ಎ ಪ್ಲಾಟು, ಬಡಾವಣೆ, ಡಾಂಬರು ರಸ್ತೆ. ನಿನ್ನೆವರೆಗೆ ಮುಟ್ಟಬಾರದ ನೆಲಕ್ಕೆ ಇವತ್ತು ಚದರ ಅಡಿ ಲೆಕ್ಕದಲ್ಲಿ ಬೆಲೆ. ಬೆಲೆ ಬಂದ ಕೂಡ್ಲೇ ಪ್ರಶ್ನೆನೂ ಬಂತು: "ನಿಮ್ಮ ಹತ್ರ ಉತಾರ ಐತೇನು? ಹಕ್ಕುಪತ್ರ ಐತೇನು?" ಗಡಿ ಕಾಯ್ದವನ ಮೊಮ್ಮಗ ಇವತ್ತು ಅತಿಕ್ರಮಣದಾರ!

ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನ ಹೊಗಳುವವರನ್ನ ತರಾಟೆಗೆ ತಗೊಂಡಿದ್ದರು. ಹಳ್ಳಿ ಬಿಟ್ಟರೆ ಜಾತಿ ಸಡಿಲ ಆಗ್ತದ ಅನ್ನೋದು ನಮ್ಮೆಲ್ಲರ ಆಸೆ. ಆದರೆ ಹಳ್ಳಿಯೇ ಬೆಳೆದು ಪಟ್ಟಣ ಆದಾಗ ಅಗಸಿ ಬೀಳ್ತದ, ಅಗಸಿಯ ಬುದ್ಧಿ ಬೀಳೋದಿಲ್ಲ.

ಕಚೇರಿಯಲ್ಲಿ ಗುಮಾಸ್ತನಾಗಿ ಕಡತ ನೋಡುವವನ ಮಾತು ಕೇಳ್ರಿ. ಅಜ್ಜನ ಹೆಸರಿನ ಕೈಬರಹದ ಹಳೆ ಉತಾರ ತೆಗೆಸ್ರಿ. ಇನಾಂ, ವತನ ಅಂತ ಷರಾ ಐತೇನು, 1961ರ ಕಾಯ್ದೆಯ ಮರುಮಂಜೂರಿ ಆದೇಶ ಐತೇನು ನೋಡ್ರಿ. ಸ್ಮಶಾನದ ಸರ್ವೆ ನಂಬರ್ ಬರೆದಿಟ್ಕೊಳ್ರಿ. ಮುದುಕರು ಇರೋದ್ರೊಳಗೆ ಗಡಿಕಲ್ಲು ಎಲ್ಲಿದ್ದವು ಅಂತ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡ್ಕೊಳ್ರಿ.

ನಮ್ಮ ಇತಿಹಾಸ ಶಾಸನದಲ್ಲಿ ಸಿಗಲಿಕ್ಕಿಲ್ಲ, ಉತಾರದಲ್ಲಿ ಸಿಗ್ತದ. ಕಿತ್ತೂರು, ಸವದತ್ತಿ, ರಾಮದುರ್ಗದ ಬಂಧುಗಳು ತಮ್ಮ ಊರಿನ ಕೇರಿ ಬಗ್ಗೆನೂ ಬರೀರಿ.

ಜೈಭೀಮ್. ಜೈ ಸಂವಿಧಾನ.