ಡ್ಯಾಮಿನ ಹಿಂದೆ, ಡ್ಯಾಮಿನ ಮುಂದೆ

1927ರ ಜುಲೈ ಕೊನೆಯಲ್ಲಿ ಗುಜರಾತ್ ಮಳೆಯಲ್ಲಿ ಮುಳುಗಿದಾಗ ಗಾಂಧೀಜಿ ನಮ್ಮ ಬೆಂಗಳೂರಿನಲ್ಲಿದ್ದರು. ಆ ವರ್ಷದ ಮಾರ್ಚಿನಲ್ಲಿ ಪ್ರವಾಸದ ನಡುವೆ ಆರೋಗ್ಯ ಕೆಟ್ಟು, ವಿಶ್ರಾಂತಿಗೆಂದು ಮೊದಲು ನಂದಿಬೆಟ್ಟಕ್ಕೆ, ಜೂನ್‌ನಲ್ಲಿ ಬೆಂಗಳೂರಿನ ಕುಮಾರಕೃಪಕ್ಕೆ ಬಂದಿದ್ದರು. ಅತ್ತ ಅಹಮದಾಬಾದ್, ಖೇಡಾ, ಬರೋಡಾ ಎಲ್ಲ ಕಡೆ ಮನೆಗಳು ಬೀಳುತ್ತಿದ್ದ ಸುದ್ದಿ ಬಂತು. ಹೊರಟು ಬರಲೇ ಎಂದು ಗಾಂಧೀಜಿ ಕೇಳಿದರು. ಆಗ ಅಹಮದಾಬಾದ್ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದವರು ವಲ್ಲಭಭಾಯಿ ಪಟೇಲ್. ಹತ್ತು ವರ್ಷದಿಂದ ನೀವು ಕಲಿಸಿದ್ದು ನಮ್ಮ ತಲೆಗೆ ಹತ್ತಿದೆಯೋ ಇಲ್ಲವೋ ನೋಡಬೇಕೆಂದಿದ್ದರೆ ಬರಬೇಡಿ ಎಂಬರ್ಥದ ಉತ್ತರ ಕೊಟ್ಟರು. ಗಾಂಧೀಜಿ ಬರಲಿಲ್ಲ, ಆಗಸ್ಟ್ ಮುಗಿಯುವವರೆಗೂ ಇಲ್ಲೇ ಉಳಿದರು.

ಪಟೇಲರು ಸ್ವಯಂಸೇವಕರನ್ನು ಹಳ್ಳಿಹಳ್ಳಿಗೆ ಕಳಿಸಿದರು. ಕಾಳು, ಬಟ್ಟೆ, ಬಿತ್ತನೆ ಬೀಜ ಹಂಚಿಸಿದರು. ಸರ್ಕಾರದ ಬೆನ್ನು ಬಿದ್ದು ಸುಮಾರು ಒಂದು ಕೋಟಿ ರೂಪಾಯಿಯ ನೆರವು ತೆಗೆಸಿದರು. ಮಾರನೆಯ ವರ್ಷವೇ, 1928ರಲ್ಲಿ, ಸೂರತ್ ಜಿಲ್ಲೆಯ ಬಾರ್ಡೋಲಿಯಲ್ಲಿ ಕರನಿರಾಕರಣೆ ನಡೆಯಿತು. ಆ ಸಂಘಟನೆಯ ಶಿಸ್ತು ಪಳಗಿದ್ದು ಈ ನೆರೆಯಲ್ಲೇ ಎಂಬುದು ನನ್ನ ಅನಿಸಿಕೆ. ಶಾಲೆಯಲ್ಲಿ ನಮಗೆ ಬಾರ್ಡೋಲಿ ಓದಿಸಿದರು, ಮಳೆಯನ್ನು ಬಿಟ್ಟುಬಿಟ್ಟರು.

ಇದನ್ನೆಲ್ಲ ನಾನು ಹುಡುಕಿ ಓದಿದ್ದು 2006ರ ಆಗಸ್ಟ್ ಆದಮೇಲೆ. ಆಗ ಅಹಮದಾಬಾದಿನಲ್ಲಿ ನೌಕರಿಯಲ್ಲಿದ್ದೆ. 5ನೇ ತಾರೀಕು ಶನಿವಾರ, ಸೂರತ್ತಿನ ಅಡಾಜಣದಲ್ಲಿದ್ದ ಗೆಳೆಯನ ಮನೆಗೆ ಹೋದೆ. ಬಾಗಲಕೋಟೆಯವನು, ಕಾಲೇಜಿನಲ್ಲಿ ನನ್ನ ರೂಮ್‌ಮೇಟ್. ವೈನಿ ಮಾಡುವ ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದು ಸೋಮವಾರ ಬೆಳಗಿನ ರೈಲಿಗೆ ವಾಪಸಾಗುವುದು ಲೆಕ್ಕ. ನೀರು ತಂದ ಮಳೆ ಸುರಿದದ್ದು ದೂರದಲ್ಲಿ, ಖಾನ್‌ದೇಶದಲ್ಲಿ, ತಾಪಿ ನದಿಯ ಮೇಲ್ದಂಡೆಯಲ್ಲಿ. ಸೂರತ್ತಿನಿಂದ ಸುಮಾರು ನೂರು ಕಿಲೋಮೀಟರ್ ಮೇಲೆ ಉಕಾಯಿ ಅಣೆಕಟ್ಟಿದೆ, ಅಲ್ಲಿಂದ ನೀರು ಬಿಡುತ್ತಿದ್ದಾರೆ ಎಂಬ ಮಾತು ಭಾನುವಾರ ಓಡಾಡುತ್ತಿತ್ತು. ಕೆಳಮನೆಯ ಕಾಕಾ ನಕ್ಕರು. ಅವರು ಹಳೇ ರಾಂದೇರಿನವರು, 1968ರ ನೆರೆ ಕಂಡವರು. ಆವಾಗ ಡ್ಯಾಮ್ ಇರಲಿಲ್ಲ, ಈಗ ಉಕಾಯಿ ಇದೆಯಲ್ಲ ಎಂದರು.

ಸೋಮವಾರ ಚರಂಡಿಯಿಂದ ನೀರು ಉಕ್ಕಿ ಗೇಟಿಗೆ ಬಂತು. ಸಂಜೆಗೆ ಸ್ಕೂಟರುಗಳು ಮುಳುಗಿದವು. ಕಾಕಾ, ಕಾಕಿ, ಅವರ ಫ್ರಿಜ್ಜು, ದೇವರ ಫೋಟೋ ಎಲ್ಲ ಎರಡನೇ ಮಹಡಿಗೆ ಏರಿದವು. ರಾತ್ರಿ ಕೆಳಮನೆಯ ಕಿಟಕಿಗಳು ಕಾಣದಾದವು. ಕರೆಂಟು ಹೋಯಿತು, ಮೊಬೈಲುಗಳು ಸತ್ತವು. ಎರಡು ರೂಮಿನ ಮನೆಯಲ್ಲಿ ಹನ್ನೊಂದು ಜನ. ವೈನಿ ನೀರನ್ನು ಲೋಟದಲ್ಲಿ ಅಳೆದು ಕೊಡತೊಡಗಿದರು, ಗೆಳೆಯನ ಮೂರು ವರ್ಷದ ಮಗಳಿಗೆ ಮಾತ್ರ ಅಳತೆಯಿಲ್ಲ. ಬುಧವಾರ ರಕ್ಷಾಬಂಧನ. ಕಾಕಿ ತಮ್ಮ ಸೀರೆಯ ಅಂಚಿನ ದಾರ ಕಿತ್ತು ನನಗೂ ಗೆಳೆಯನಿಗೂ ಕಟ್ಟಿದರು. ಹೆಲಿಕಾಪ್ಟರಿನಿಂದ ಆಹಾರದ ಪೊಟ್ಟಣ ಬೀಳುತ್ತಿದ್ದವು, ನಮ್ಮ ತಾರಸಿಗೆ ಒಂದೂ ಬೀಳಲಿಲ್ಲ. ಪಕ್ಕದ ಕಟ್ಟಡದವರು ಹಗ್ಗ ಕಟ್ಟಿ ದಾಟಿಸಿದ ಎರಡು ಪ್ಯಾಕೆಟ್ ಹಾಲಿನ ರುಚಿ ಇನ್ನೂ ನೆನಪಿದೆ.

ಆ ರಾತ್ರಿಗಳಲ್ಲೊಮ್ಮೆ ಗೆಳೆಯ ಕಿಟಕಿಯಲ್ಲಿ ನಿಂತು ಹೇಳಿದ: "ಅಲ್ಲಿ ಡ್ಯಾಮಿನ ಹಿಂದ ಮುಳಗಿದ್ವಿ, ಇಲ್ಲಿ ಡ್ಯಾಮಿನ ಮುಂದ. ನಮ್ಮ ಹಣೇಬರಾ ನೋಡಲೇ."

ಆಲಮಟ್ಟಿಯ ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ಸರಿದು ಹಳೇ ಬಾಗಲಕೋಟೆಯ ಓಣಿಗಳನ್ನು ತೆಗೆದುಕೊಂಡಿತು. ಅವರ ಅಜ್ಜ ಕಟ್ಟಿಸಿದ ಮನೆ ಅದರಲ್ಲಿ ಹೋಯಿತು. ಪರಿಹಾರದ ದುಡ್ಡಿನಲ್ಲಿ ನವನಗರದಲ್ಲಿ ಸೈಟು, ಹೊಸ ಮನೆ. ಊರಿಗೆ ಹೋಗುತ್ತೇನೆ ಎಂದು ಅವನು ಯಾವತ್ತೂ ಹೇಳುವುದಿಲ್ಲ, ಅವ್ವನ ಕಡೆ ಹೋಗುತ್ತೇನೆ ಅನ್ನುತ್ತಾನೆ. ಉಕಾಯಿಯ ಕಥೆಯೂ ಬೇರೆಯಲ್ಲ. 1972ರಲ್ಲಿ ಮುಗಿದ ಆ ಅಣೆಕಟ್ಟಿನ ಹಿಂದೆ ನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಿವೆ, ಹೆಚ್ಚಿನವು ಆದಿವಾಸಿಗಳವು. ಅವರನ್ನು ಎಬ್ಬಿಸುವಾಗ ಕೊಟ್ಟ ಕಾರಣಗಳಲ್ಲಿ ಸೂರತ್ತನ್ನು ನೆರೆಯಿಂದ ಕಾಯುವುದೂ ಒಂದು.

ಗುರುವಾರ ನೀರು ಇಳಿದು ಮೊಣಕಾಲುದ್ದ ಕೆಸರು ಉಳಿಯಿತು. ನಾನು ಇದ್ದು ಕೆಸರು ಎತ್ತಲೋ, ಹೊರಡಲೋ? "ನೀ ಇದ್ರ ಇನ್ನೊಂದು ಹೊಟ್ಟಿ," ಎಂದ ಗೆಳೆಯ. "ಹೋಗು. ಫೋನ್ ಹತ್ತಿದ ಕೂಡಲೇ ಅವ್ವಗ ಹೇಳು." ಅವನ ಅವ್ವನಿಗೆ ನಾಲ್ಕು ದಿನದಿಂದ ಸುದ್ದಿಯಿರಲಿಲ್ಲ. ಆ ಒಂದು ಕೆಲಸ ಹೊತ್ತು ಶುಕ್ರವಾರ ಹೊರಟೆ. ಅಡಾಜಣದಿಂದ ಊರೊಳಗೆ ದಾಟಿಸುವ ಸೇತುವೆಯ ಹೆಸರು ಸರ್ದಾರ್ ಸೇತುವೆ, ಅದೇ ಪಟೇಲರದು. ಕೆಳಗೆ ತಾಪಿ ಕೆಂಪಗೆ, ಇನ್ನೂ ಅವಸರದಲ್ಲಿತ್ತು. ರಸ್ತೆಯ ಎರಡೂ ಬದಿ ಹಾಸಿಗೆ, ಪುಸ್ತಕ, ಸೀರೆಯ ಥಾನುಗಳ ಗುಡ್ಡೆ. ಸ್ಟೇಷನ್ನಿನಲ್ಲಿ ಸಿಕ್ಕ ರೈಲು ಹತ್ತಿ, ವಡೋದರಾದ ಪ್ಲಾಟ್‌ಫಾರ್ಮಿನಲ್ಲಿ ಎಸ್‌ಟಿಡಿ ಬೂತ್ ಹಿಡಿದೆ. ಎಲ್ಲರೂ ಆರಾಮ ಇದ್ದಾರೆ ಎಂದೆ. ಆಕೆ ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ನೀರು ಬಿಟ್ಟಿದ್ರಂತಪ್ಪಾ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವನಿಗೆ ಸಿಕ್ಕಿದ್ದು ಎರಡು ಅಂಕಿಗಳು. 2006ರಲ್ಲಿ ಹೆಚ್ಚೆಂದರೆ ಸುಮಾರು 9 ಲಕ್ಷ ಕ್ಯೂಸೆಕ್. ಡ್ಯಾಮಿಲ್ಲದ 1968ರಲ್ಲಿ ತಾಪಿಯಲ್ಲಿ ಹರಿದದ್ದು ಸುಮಾರು 15 ಲಕ್ಷ. ಆದರೆ ಸೂರತ್ತಿನಲ್ಲಿ ನದಿಯ ಮಟ್ಟ ಅಳೆಯುವುದು ಹಳೆಯ ಹೋಪ್ ಸೇತುವೆಯ ಬಳಿ, ಅಲ್ಲಿ 9.5 ಮೀಟರ್ ಅಪಾಯದ ಗೆರೆ. 1968ರಲ್ಲೂ ನೀರು 12 ಮೀಟರ್ ದಾಟಿತ್ತು, 2006ರಲ್ಲೂ ದಾಟಿತು, ಈ ಸಲ ತುಸು ಮೇಲೆಯೇ. ಅಂದರೆ ಮೂರರಲ್ಲಿ ಎರಡು ಪಾಲೂ ಇಲ್ಲದ ನೀರು ಅದೇ ಎತ್ತರಕ್ಕೆ ಏರಿದೆ.

ನಡುವಿನ 38 ವರ್ಷಗಳಲ್ಲಿ ನದಿ ಸಣ್ಣದಾಗಿತ್ತು. ಡ್ಯಾಮ್ ಇದೆ ಎಂಬ ಧೈರ್ಯದಲ್ಲಿ ಊರು ದಂಡೆಗೆ ಇಳಿದಿತ್ತು. ದಂಡೆಗೆ ಒಡ್ಡು ಕಟ್ಟಿದರು, ಒಡ್ಡಿನ ಧೈರ್ಯದಲ್ಲಿ ಇನ್ನಷ್ಟು ಕಟ್ಟಡ ಬಂದವು. ಕಾಕಾ ಚಿಕ್ಕವರಿದ್ದಾಗ ಅಡಾಜಣ ಹೊಲವಾಗಿತ್ತಂತೆ, 1968ರ ನೀರು ಅಲ್ಲಿ ಹರಡಿಕೊಂಡು ಮಲಗಿತ್ತಂತೆ. 2006ರ ನೀರಿಗೆ ಮಲಗಲು ಜಾಗವಿರಲಿಲ್ಲ. ಇನ್ನೊಂದು, ಡ್ಯಾಮಿಗೆ ನಾವು ಹೇಳುವ ಕೆಲಸಗಳೇ ಒಂದಕ್ಕೊಂದು ಎದುರು. ಬೇಸಿಗೆಗೆ, ಕಬ್ಬಿಗೆ, ಕರೆಂಟಿಗೆ ತುಂಬಿರಬೇಕು. ನೆರೆ ತಡೆಯಲು ಖಾಲಿ ಇರಬೇಕು. ಆಗಸ್ಟ್ ಮೊದಲ ವಾರದಲ್ಲಿ ಎಷ್ಟು ತುಂಬಿರಬೇಕು ಎಂಬ ಜಗಳ 2006ರ ನಂತರ ವರ್ಷಗಟ್ಟಲೆ ನಡೆಯಿತು. ಆಲಮಟ್ಟಿಯ ವಿಷಯದಲ್ಲಿ ನಮಗೂ ಸಾಂಗ್ಲಿಯವರಿಗೂ ನಡೆಯುವ ವಾಗ್ವಾದ ಕೇಳಿದವರಿಗೆ ಇದು ಹೊಸದಲ್ಲ.

ವಡೋದರಾದ್ದು ಚಿಕ್ಕ ನದಿ, ಅದೇ ಪಾಠ. ಪಾವಾಗಢದಿಂದ ಇಳಿಯುವ ವಿಶ್ವಾಮಿತ್ರಿ ಬೇಸಿಗೆಯಲ್ಲಿ ಮೊಸಳೆಗಳು ಬಿಸಿಲು ಕಾಯಿಸುವ ಹಳ್ಳ, ಅಷ್ಟೇ. 2019ರ ಜುಲೈ 31ರಂದು ಒಂದೇ ದಿನ ಹೆಚ್ಚುಕಡಿಮೆ 500 ಮಿಲಿಮೀಟರ್ ಮಳೆಯಾಗಿ ಮೊಸಳೆಗಳು ಬೀದಿಗೆ ಬಂದವು. ಎದೆಮಟ್ಟದ ನೀರಿನಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ಹಸುಗೂಸನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿಟ್ಟು ತಲೆಮೇಲೆ ಹೊತ್ತು ನಡೆದ ಫೋಟೋ ನೀವೂ ನೋಡಿರಬಹುದು, ಊರೆಲ್ಲ ವಸುದೇವ ಎಂದಿತು. 2024ರ ಆಗಸ್ಟ್‌ನಲ್ಲಿ ಮತ್ತೆ ಮುಳುಗಿತು. ವಸುದೇವರು ಇದ್ದಾರೆ, ಯಮುನೆ ದಾರಿ ಬಿಡುವುದಕ್ಕೆ ಜಾಗ ಬೇಕಲ್ಲ.

ಸೂರತ್ತಿಗೆ ಒಂದು ಮೆಚ್ಚುಗೆ ಹೇಳದಿದ್ದರೆ ಅನ್ಯಾಯ. 1994ರ ಸೆಪ್ಟೆಂಬರಿನಲ್ಲಿ ಇದೇ ಊರಿಂದ ಪ್ಲೇಗಿನ ಭಯಕ್ಕೆ ಲಕ್ಷಗಟ್ಟಲೆ ಜನ ಓಡಿದ್ದರು. ಮಾರನೆಯ ವರ್ಷ ಬಂದ ಕಮಿಷನರ್ ಎಸ್.ಆರ್. ರಾವ್ ಕಸ ಎತ್ತುವ ವ್ಯವಸ್ಥೆಯನ್ನೇ ಬದಲಿಸಿದರು. 2006ರ ಕೆಸರಿನಲ್ಲಿ ಆ ಅಭ್ಯಾಸ ಕೈಹಿಡಿಯಿತು. ತಿಂಗಳೊಪ್ಪತ್ತು ಕಳೆದು ನಾನು ಮತ್ತೆ ಹೋದಾಗ ಬೀದಿಗಳಲ್ಲಿ ಸುಣ್ಣದ ಪುಡಿಯ ವಾಸನೆ ಬಿಟ್ಟರೆ ಗೋಡೆಯ ಮೇಲಿನ ಕಂದು ಗೆರೆ ಮಾತ್ರ ಉಳಿದಿತ್ತು. ಕಾಕಾ ಅದರ ಕೆಳಗೆ ಕುರ್ಚಿ ಹಾಕಿ ಕೂತು ಪೇಪರ್ ಓದುತ್ತಿದ್ದರು.

ನಾನು ಬೆಂಗಳೂರಿಗೆ ಮರಳಿ ಬಹಳ ವರ್ಷವಾಯಿತು. ಗೆಳೆಯ ಸೂರತ್ತಿನಲ್ಲೇ ಇದ್ದಾನೆ, ಈಗ ಐದನೇ ಮಹಡಿ. ಮಳೆಗಾಲದಲ್ಲಿ ಅವನು ಬಾಗಲಕೋಟೆಗೆ ಫೋನ್ ಮಾಡಿದರೆ ಅವ್ವ ಮೊದಲು ಉಕಾಯಿಯಲ್ಲಿ ಎಷ್ಟು ಅಡಿ ಎಂದು ಕೇಳುತ್ತಾಳೆ. 345 ಅಡಿಗೆ ತುಂಬುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಅವನು ಆಲಮಟ್ಟಿ ಎಷ್ಟು ಮೀಟರ್ ಎಂದು ಕೇಳುತ್ತಾನೆ. ಊಟ ಆಯಿತೇ ಎಂಬುದು ಆಮೇಲೆ.