ಕಸಲಾತ್ ಭತ್ತದ ಬೇರು: ತಳಿ ಸಂವರ್ಧನೆಯ ಚರಿತ್ರೆಯಲ್ಲಿ ನಾಡತಳಿಯ ಸ್ಥಾನ

ಭತ್ತದ ತಳಿ ಸಂವರ್ಧನೆಯ ಚರಿತ್ರೆಯನ್ನು ಸಾಮಾನ್ಯವಾಗಿ ಇಳುವರಿಯ ಚರಿತ್ರೆಯೆಂದೇ ಬರೆಯಲಾಗಿದೆ. ಪೈರು ಮಣ್ಣಿನಿಂದ ಪೋಷಕಾಂಶವನ್ನು ಹೇಗೆ ಪಡೆಯುತ್ತದೆ ಎಂಬ ದೃಷ್ಟಿಯಿಂದ ನೋಡಿದರೆ ಅದೇ ಚರಿತ್ರೆ ಬೇರೆಯಾಗಿ ಕಾಣುತ್ತದೆ. ಕಸಲಾತ್ ಎಂಬ ಭಾರತೀಯ ನಾಡತಳಿಯ ಮೂಲಕ ಇದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1960ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಸ್ಥಾಪನೆಗೊಂಡ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು 1966ರಲ್ಲಿ ಐಆರ್-8 ತಳಿಯನ್ನು ಬಿಡುಗಡೆ ಮಾಡಿತು. ಅದು ಇಂಡೋನೇಷ್ಯಾದ ಪೇಟಾ ಮತ್ತು ತೈವಾನಿನ ಗಿಡ್ಡ ತಳಿ ಡೀ-ಜಿಯೊ-ವೂ-ಜೆನ್‌ಗಳ ಸಂಕರ. ಸಾರಜನಕ ಗೊಬ್ಬರ ಹೆಚ್ಚಾದರೆ ಎತ್ತರದ ನಾಡತಳಿಗಳು ನೆಲಕ್ಕೆ ಒರಗುತ್ತಿದ್ದವು. ಗಿಡ್ಡ ತಳಿಯು ಒರಗದೆ ಗೊಬ್ಬರವನ್ನು ಕಾಳಾಗಿಸಿತು. ಆಹಾರದ ಕೊರತೆಯ ಆ ದಶಕದಲ್ಲಿ ಇದು ಸಣ್ಣ ಸಾಧನೆಯಲ್ಲ. ಆದರೆ ಗೊಬ್ಬರವುಂಡ ತಾಕುಗಳಲ್ಲಿಯೇ ಆಯ್ಕೆ ನಡೆದಾಗ, ಬಡ ಮಣ್ಣಿನಲ್ಲಿ ಬದುಕುವ ಗುಣವು ಪರೀಕ್ಷೆಗೆ ಒಳಗಾಗುವ ಸಂದರ್ಭವೇ ವಿರಳ.

ರಂಜಕದ ವಿಷಯದಲ್ಲಿ ಈ ಗುಣ ಮುಖ್ಯವಾಗುತ್ತದೆ. ಆಮ್ಲೀಯ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳು ರಂಜಕವನ್ನು ಹಿಡಿದಿಡುವುದರಿಂದ ಹಾಕಿದ ಗೊಬ್ಬರವೆಲ್ಲ ಬೇರಿಗೆ ದಕ್ಕುವುದಿಲ್ಲ. 1998ರಲ್ಲಿ ಮಥಿಯಾಸ್ ವಿಸುವಾ ಮತ್ತು ಸಂಗಡಿಗರು ಕಸಲಾತ್ ಹಾಗೂ ಜಪಾನಿನ ನಿಪ್ಪೊನ್‌ಬಾರೆ ತಳಿಗಳ ಸಂತತಿಯನ್ನು ಪರೀಕ್ಷಿಸಿ, ರಂಜಕದ ಕೊರತೆಯಲ್ಲೂ ಅದನ್ನು ಹೀರುವ ಶಕ್ತಿಯ ನೆಲೆಯನ್ನು 12ನೆಯ ವರ್ಣತಂತುವಿನಲ್ಲಿ ಗುರುತಿಸಿದರು. 2012ರಲ್ಲಿ ರಿಕೊ ಗಮುಯಾವೊ, ಸಿಗ್ರಿಡ್ ಹೊಯರ್ ಮೊದಲಾದವರು ಅಲ್ಲಿನ ವಂಶವಾಹಿಯನ್ನು ನಿರ್ದಿಷ್ಟವಾಗಿ ಗುರುತಿಸಿ ಪ್ರಕಟಿಸಿದರು. ಎಳೆಯ ಪೈರಿನ ಬೇರು ಹರಡಲು ಅದು ನೆರವಾಗುತ್ತದೆ. 2005ರಲ್ಲಿ ಪ್ರಕಟವಾದ ಭತ್ತದ ವಂಶವಾಹಿ ನಕ್ಷೆಯು ನಿಪ್ಪೊನ್‌ಬಾರೆಯದು. ಆ ತಳಿಯಲ್ಲಿ ಈ ವಂಶವಾಹಿಯೇ ಇಲ್ಲ ಎಂಬುದು ಗಮನಾರ್ಹ.

ಜಾನಪದ ವಿದ್ವಾಂಸರಿಗೆ ಇದು ಅಪರಿಚಿತ ಸನ್ನಿವೇಶವಲ್ಲ. ಒಬ್ಬ ಗಾಯಕನ ಪಾಠವನ್ನೇ ಕಾವ್ಯದ ಪೂರ್ಣಪಾಠವೆಂದು ಅಚ್ಚುಹಾಕಿದರೆ, ಉಳಿದ ಪಾಠಾಂತರಗಳಲ್ಲಿರುವುದು ಇಲ್ಲವೆಂದೇ ಎಣಿಕೆಯಾಗುತ್ತದೆ. ಹಾಗೆಂದು ನಾಡತಳಿಗಳೆಲ್ಲವೂ ಶ್ರೇಷ್ಠವೆನ್ನಲಾಗದು. ಕಸಲಾತ್‌ನ ಗುಣವು ವ್ಯಾಪಕವಾಗಿ ಉಪಯುಕ್ತವಾಗಲು ಹೆಚ್ಚು ಇಳುವರಿಯ ತಳಿಗಳೊಡನೆ ಅದರ ಸಂಕರ ಅಗತ್ಯ. ಆದರೆ ಆ ಗುಣವನ್ನು ಉಳಿಸಿದ್ದು ತಲೆಮಾರುಗಳಿಂದ ತೆನೆ ಆಯ್ದು ಬೀಜ ಕಟ್ಟಿಟ್ಟವರ ಶ್ರಮ. ಸಂಶೋಧಕರ ಹೆಸರುಗಳು ದಾಖಲಾಗಿವೆ. ಬೀಜ ಕಾಯ್ದವರ ಹೆಸರುಗಳಿಲ್ಲ.

ತಳಿಯ ವಿಕಾಸದಲ್ಲಿ ಗ್ರಾಮ ಅಥವಾ ಸ್ಥಳೀಯ ಸಮುದಾಯ ವಹಿಸಿದ ಪಾತ್ರಕ್ಕಾಗಿ ಹಕ್ಕು ಮಂಡಿಸಲು ಭಾರತದ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ಅವಕಾಶ ನೀಡಿದೆ. ಹಕ್ಕಿಗೆ ಆಧಾರ ಬೇಕು. ಬೀಜ ಭಂಡಾರವು ಕಾಳನ್ನು ಕಾಯಬಲ್ಲದು. ಯಾವ ಮಣ್ಣಿಗೆ, ಯಾವ ಗೊಬ್ಬರದೊಡನೆ, ಯಾರು ಆಯ್ದರು ಎಂಬ ತಿಳಿವಳಿಕೆ ಜನರ ಮಾತಿನಲ್ಲಿದೆ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗದಂತಹ ನಮ್ಮ ತಳಿಗಳ ಬಗೆಗೂ ಈ ಮಾತು ಸಲ್ಲುತ್ತದೆ. ಆ ಮಾತನ್ನು ಬೀಜದೊಡನೆಯೇ ದಾಖಲಿಸುವುದು ಜಾನಪದ ಕ್ಷೇತ್ರಕಾರ್ಯದ ಹೊಣೆಯಾಗಬೇಕಾಗಿದೆ.