ಕೊಡಗಿನ ಸುತ್ತಲಿನ ಮೇಜುಗುಡ್ಡದ ವಿಮಾನ ನಿಲ್ದಾಣಗಳು

ಕೊಡಗಿನ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ. ಅಲ್ಲಿ ರೈಲು ಹಳಿ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿ, 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಪಡೆದ ಅಜ್ಜಮಾಡ ದೇವಯ್ಯನವರ ನಾಡಿನಲ್ಲಿ ಒಂದು ಪ್ರಯಾಣಿಕ ವಿಮಾನ ಇಳಿಯುವಷ್ಟು ಸಮತಟ್ಟು ನೆಲ ಸಿಗುವುದು ಕಷ್ಟ!

ನೆಲದ ಕೊರತೆಯಷ್ಟೇ ಕಾರಣವಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿದೆ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. ರೆಕ್ಕೆಗೆ ಸಿಗುವ ಎತ್ತುಬಲವೂ ಎಂಜಿನ್ನಿನ ನೂಕುಬಲವೂ ಕಡಿಮೆಯಾಗುತ್ತವೆ. ಅಷ್ಟೇ ತೂಕದ ವಿಮಾನ ನೆಲ ಬಿಡಬೇಕಾದರೆ ಹೆಚ್ಚು ವೇಗ, ಅಂದರೆ ಹೆಚ್ಚು ಉದ್ದದ ರನ್‌ವೇ ಬೇಕು. ಪ್ರತಿ 300 ಮೀಟರ್ ಎತ್ತರಕ್ಕೆ ರನ್‌ವೇ ಉದ್ದವನ್ನು ಶೇಕಡಾ 7ರಷ್ಟು ಹೆಚ್ಚಿಸಬೇಕು ಎಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಲೆಕ್ಕ. ಸಮುದ್ರಮಟ್ಟದಲ್ಲಿ 2000 ಮೀಟರ್ ಸಾಕಾಗುವ ವಿಮಾನಕ್ಕೆ ಮಡಿಕೇರಿಯಲ್ಲಿ 2500 ಮೀಟರ್ ದಾಟಬೇಕಾಗುತ್ತದೆ. ಜೊತೆಗೆ ಮಳೆಗಾಲದ ಮಂಜು ಬೇರೆ. ಹೀಗಾಗಿ ಕೊಡಗಿನವರು ಗಡಿಯಾಚೆಯ ನಿಲ್ದಾಣಗಳನ್ನೇ ನಂಬಿದ್ದಾರೆ. ಮೈಸೂರಿನ ಮಂಡಕಳ್ಳಿಯ ರನ್‌ವೇ 1740 ಮೀಟರ್ ಉದ್ದದ್ದು; ಎಟಿಆರ್‌ನಂಥ ಪಂಖದ ವಿಮಾನಗಳಿಗೆ ಸರಿ, ದೊಡ್ಡ ಜೆಟ್‌ಗಳಿಗೆ ಸಾಲದು. ವಿದೇಶಕ್ಕೆ ಹೊರಟವರಲ್ಲಿ ಹಲವರು ಘಟ್ಟ ಇಳಿಯುತ್ತಾರೆ.

ಘಟ್ಟದ ಕೆಳಗಾದರೂ ಬಯಲು ಇದೆಯೇ? ಅಲ್ಲಿಯೂ ನೆಲವೆಲ್ಲ ಮುರಕಲ್ಲಿನ ಗುಡ್ಡ, ನಡುವೆ ಆಳವಾದ ಕಣಿವೆ. ಗುಡ್ಡದ ನೆತ್ತಿಯನ್ನು ಕಡಿದು, ಆ ಮಣ್ಣಿನಿಂದ ಪಕ್ಕದ ತಗ್ಗನ್ನು ತುಂಬಿ, ಗಟ್ಟಿಗೊಳಿಸಿ ರನ್‌ವೇ ಹಾಕಬೇಕು. ಹೀಗೆ ಹುಟ್ಟಿದ ಓಡುದಾರಿಗೆ ಮೇಜಿನ ಮೇಲ್ಮೈಯ ಹೋಲಿಕೆಯಿಂದ ‘ಟೇಬಲ್‌ಟಾಪ್’ ಎಂಬ ಹೆಸರು. ಮಂಗಳೂರು, ಕಣ್ಣೂರು, ಕೋಯಿಕ್ಕೋಡಿನ ಕರಿಪುರ – ಮೂರೂ ಇಂಥವೇ.

ಇವುಗಳಲ್ಲಿ ಹಿರಿಯದು ಮಂಗಳೂರಿನ ಬಜ್ಪೆ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಇಲ್ಲಿ ಬಂದಿಳಿದರು. ಆಗಿನ ರನ್‌ವೇ ಉದ್ದ ಕೇವಲ 1615 ಮೀಟರ್. 1981ರ ಆಗಸ್ಟ್‌ನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ಅದರ ತುದಿ ದಾಟಿ ಹೋಯಿತು, ಯಾರೂ ಸಾಯಲಿಲ್ಲ. ಅದು ಗುಡ್ಡ ಕೊಟ್ಟ ಮೊದಲ ಎಚ್ಚರಿಕೆ. 2006ರಲ್ಲಿ 2450 ಮೀಟರ್ ಉದ್ದದ ಎರಡನೆಯ ರನ್‌ವೇ ಬಳಕೆಗೆ ಬಂತು. ಅದೇ ವರ್ಷ ದುಬೈ ವಿಮಾನವೂ ಆರಂಭವಾಯಿತು.

ನಂತರದ ಕಥೆ ನಿಮಗೆ ಗೊತ್ತಿರಬಹುದು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಮಂದಿಯಲ್ಲಿ ಉಳಿದವರು 8 ಮಂದಿ ಮಾತ್ರ. ‘ರನ್‌ವೇ ಚಿಕ್ಕದಾಗಿತ್ತು’ ಎಂದು ಜನ ಇಂದಿಗೂ ಹೇಳುವುದುಂಟು. ಆದರೆ ತನಿಖೆ ಹೇಳಿದ್ದು ಬೇರೆ. ದೂರದ ವಿಮಾನದ ಎತ್ತರ ತಿಳಿಸುವ ರೇಡಾರ್ ಆಗ ಕೆಟ್ಟಿದ್ದುದರಿಂದ ವಿಮಾನ ತಡವಾಗಿ ಇಳಿಯತೊಡಗಿತ್ತು. ಕ್ಯಾಪ್ಟನ್ ಹಾರಾಟದ ಬಹುಪಾಲು ಹೊತ್ತು ನಿದ್ರಿಸಿ ಆಗಷ್ಟೇ ಎದ್ದಿದ್ದರು. ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬಂತು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದರೂ ಫಲವಾಗಲಿಲ್ಲ. ಚಕ್ರ ನೆಲ ಮುಟ್ಟಿದ್ದು ರನ್‌ವೇಯ ಆರಂಭದಿಂದ ಸುಮಾರು 1600 ಮೀಟರ್ ಆಚೆ! ಉಳಿದದ್ದು 850 ಮೀಟರ್‌ನಷ್ಟು. ಆಗಲೂ ಬ್ರೇಕು ಹಾಕಿದ ಮೇಲೆ ಮತ್ತೆ ಹಾರಲು ಯತ್ನಿಸದಿದ್ದರೆ ವಿಮಾನ ನಿಲ್ಲಬಹುದಿತ್ತು ಎಂದು ತನಿಖೆ ಅಭಿಪ್ರಾಯಪಟ್ಟಿತು.

ವೇಗಕ್ಕೆ ಇಷ್ಟೇಕೆ ಮಹತ್ವ? ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ಶಾಲೆಯಲ್ಲಿ ಓದಿದ್ದೀರಿ. ವೇಗ ಹತ್ತು ಶೇಕಡಾ ಹೆಚ್ಚಾದರೆ ನಿಲ್ಲಲು ಬೇಕಾದ ದೂರ ಇಪ್ಪತ್ತೊಂದು ಶೇಕಡಾ ಹೆಚ್ಚು. ರನ್‌ವೇ ಒದ್ದೆಯಾಗಿದ್ದರೆ, ಹಿಂದಿನಿಂದ ಗಾಳಿ ಬೀಸುತ್ತಿದ್ದರೆ ಇನ್ನೂ ಹೆಚ್ಚು. ಬಯಲಿನ ನಿಲ್ದಾಣದಲ್ಲಿ ಈ ತಪ್ಪಿಗೆ ಹೊಲ, ಗದ್ದೆ ಕ್ಷಮೆ ಕೊಡಬಹುದು. ಮೇಜುಗುಡ್ಡದಲ್ಲಿ ಮೇಜಿನ ಅಂಚೇ ಕೊನೆ. ಆದ್ದರಿಂದಲೇ ತುದಿಯಲ್ಲಿ ‘ರೇಸಾ’ ಎಂಬ ಸುರಕ್ಷಾ ಪಟ್ಟಿಯನ್ನು ಬಿಡುತ್ತಾರೆ. ಕನಿಷ್ಠ 90 ಮೀಟರ್ ಕಡ್ಡಾಯ. 240 ಮೀಟರ್ ಇರಲಿ ಎಂಬುದು ಶಿಫಾರಸು. ಮಂಗಳೂರಿನಲ್ಲಿ ಅಂದು ಇದ್ದದ್ದು 90. ಅದರಾಚೆ ಇಳಿದಾರಿ ತೋರಿಸುವ ಆಂಟೆನಾಗಳನ್ನು ಹೊತ್ತ ಕಾಂಕ್ರೀಟ್ ಕಟ್ಟಡಕ್ಕೆ ವಿಮಾನದ ರೆಕ್ಕೆ ತಗುಲಿತು. ಅಂಥ ಜಾಗದಲ್ಲಿ ತಾಗಿದರೆ ಮುರಿದು ಬೀಳುವ ಹಗುರ ರಚನೆಗಳೇ ಇರಬೇಕು. ನನ್ನ ಮಟ್ಟಿಗೆ, ನಿದ್ದೆಯ ಕಥೆಗಿಂತ ಈ ಕಾಂಕ್ರೀಟಿನ ಕಥೆಯೇ ಎಂಜಿನಿಯರುಗಳು ನೆನಪಿಡಬೇಕಾದ್ದು. ನಿದ್ದೆ ಯಾರಿಗೂ ಬರಬಹುದು. ಕಾಂಕ್ರೀಟನ್ನು ನಾವೇ ನಿಲ್ಲಿಸಿದ್ದು. ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರಂದು, ಮಳೆಯಲ್ಲಿ ಹಿಂಗಾಳಿಯೊಡನೆ ಕರಿಪುರದಲ್ಲಿ ಇಳಿದ ವಿಮಾನವೂ ತುದಿ ದಾಟಿ ಬಿತ್ತು. 21 ಜನ ಸತ್ತರು.

ಈಗ ಕಣ್ಣೂರಿಗೆ ಬರೋಣ. ವಿಮಾನ ಈ ಊರಿಗೆ ಹೊಸದಲ್ಲ. 1935ರಲ್ಲಿ ಟಾಟಾ ಸಂಸ್ಥೆ ಆರಂಭಿಸಿದ ಮುಂಬಯಿ–ತಿರುವನಂತಪುರ ಸೇವೆಯ ಪುಟ್ಟ ವಿಮಾನ ಗೋವಾ ಮತ್ತು ಕಣ್ಣೂರಿನಲ್ಲಿ ಇಳಿದು ಹೋಗುತ್ತಿತ್ತು. ಆಗ ಒಂದು ಮೈದಾನವಿದ್ದರೆ ಸಾಕಾಗಿತ್ತು. ಈಗಿನ ನಿಲ್ದಾಣ ಇರುವುದು ಮಟ್ಟನ್ನೂರಿನ ಮೂರ್ಖನ್‌ಪರಂಬಿನಲ್ಲಿ. ಹೆಸರು ಕೇಳಿ ನಗಬೇಡಿ, ಮಲಯಾಳದಲ್ಲಿ ಮೂರ್ಖನ್ ಎಂದರೆ ನಾಗರಹಾವು! 2010ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆ. 2016ರ ಫೆಬ್ರವರಿ 29ರಂದು ವಾಯುಪಡೆಯ ಡಾರ್ನಿಯರ್ ಪರೀಕ್ಷಾರ್ಥವಾಗಿ ಇಳಿಯಿತು. 2018ರ ಡಿಸೆಂಬರ್ 9ರಂದು ಮೊದಲ ಪ್ರಯಾಣಿಕ ವಿಮಾನ ಅಬುಧಾಬಿಗೆ ಹಾರಿತು.

ರನ್‌ವೇ ಉದ್ದ 3050 ಮೀಟರ್, ಮಂಗಳೂರಿಗಿಂತ 600 ಮೀಟರ್ ಹೆಚ್ಚು. ಅದರ ಎರಡು ತುದಿಗಳಲ್ಲಿ 07, 25 ಎಂಬ ಅಂಕೆಗಳನ್ನು ಕಾಣುವಿರಿ. ದಿಕ್ಸೂಚಿಯ ಕೋನವನ್ನು ಹತ್ತರಿಂದ ಭಾಗಿಸಿ ಬರೆದ ಸಂಖ್ಯೆಗಳಿವು. 07 ಎಂದರೆ ಸುಮಾರು 70 ಡಿಗ್ರಿ, ಪೂರ್ವದ ಕಡೆಗೆ. 25 ಎಂದರೆ ಅದರ ವಿರುದ್ಧ ದಿಕ್ಕು. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಆದ್ದರಿಂದ ಪಶ್ಚಿಮದ ಗಾಳಿ ಬೀಸುವಾಗ ಅದು ಘಟ್ಟದ ಕಡೆಯಿಂದ ಬಂದು 25ರ ದಿಕ್ಕಿನಲ್ಲಿ ಇಳಿಯುತ್ತದೆ.

ಸೌಕರ್ಯ ದೊಡ್ಡದಿದ್ದರೆ ವಿಮಾನಗಳು ತಾವಾಗಿ ಬರುತ್ತವೆಯೇ? ಇಲ್ಲ. ಯಾವ ದೇಶದ ವಿಮಾನ ನಮ್ಮ ಯಾವ ಊರಿಗೆ ಬರಬಹುದೆಂಬುದು ಸರ್ಕಾರಗಳ ನಡುವಿನ ಒಪ್ಪಂದದಲ್ಲಿ ನಿಗದಿಯಾಗುತ್ತದೆ. ನಿಲ್ದಾಣ ತೆರೆದ ನಂತರದ ವರ್ಷಗಳಲ್ಲಿ ವಿದೇಶಿ ಕಂಪನಿಗಳ ನಿಯತ ಸೇವೆಗೆ ಕಣ್ಣೂರಿನಲ್ಲಿ ಅವಕಾಶ ಸಿಗಲಿಲ್ಲ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪನಿ ಹಾರಾಟ ನಿಲ್ಲಿಸಿದಾಗ ಇಲ್ಲಿನ ವೇಳಾಪಟ್ಟಿ ಇನ್ನಷ್ಟು ತೆಳುವಾಯಿತು.

ವಿರಾಜಪೇಟೆಯಿಂದ ಮಟ್ಟನ್ನೂರಿಗೆ ಪೆರುಂಬಾಡಿ, ಮಾಕುಟ್ಟ, ಇರಿಟ್ಟಿಯ ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಆದರೆ 2018ರ ಜೂನ್‌ನಲ್ಲಿ ಮಾಕುಟ್ಟದ ಭೂಕುಸಿತದಿಂದ ಈ ರಸ್ತೆ ಮುಚ್ಚಿತು. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣಕ್ಕೆ ಗಡಿಯಲ್ಲಿ ಮಣ್ಣು ಸುರಿದು ಮತ್ತೆ ಮುಚ್ಚಲಾಯಿತು. ಮಳೆಗಾಲದಲ್ಲಿ ನಿಮ್ಮ ಪ್ರಯಾಣವಿದ್ದರೆ ವಿಮಾನದ ವೇಳೆಯ ಜೊತೆಗೆ ಮಾಕುಟ್ಟದ ರಸ್ತೆ ತೆರೆದಿದೆಯೇ ಎಂದೂ ಹಿಂದಿನ ದಿನವೇ ವಿಚಾರಿಸಿಕೊಳ್ಳಿ.